ಮೂರನೆಯ ಕೈ

"ಆ ಬಾವುಟ ತೆಗೀರಿ, ಆಡೋಕೆ ಕೂರ್ತೀನಿ," ಎಂದಳು ಹೋಟೆಲಿನ ಒಡತಿ ಮೆಟಾ, ಒರೆಸುಬಟ್ಟೆಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾ. ಮೇಜಿನ ನಡುವೆ ನಿಲ್ಲಿಸಿದ್ದ ಜರ್ಮನ್ ರಾಷ್ಟ್ರವಾದಿ ಪಕ್ಷದ ಗೇಣುದ್ದದ ಬಾವುಟವನ್ನು ಎಗ್ಬರ್ಟ್ ನೋಡಿದ. ಸ್ಕಾಟ್ ಇಸ್ಪೀಟಿಗೆ ಮೂವರು ಬೇಕು. ಮೂರನೆಯವನಾಗಿದ್ದ ಫೋಲ್ಕರ್‌ನನ್ನು ಮಂಗಳವಾರ ಮಣ್ಣು ಮಾಡಿ ಬಂದಿದ್ದರು. ಪಕ್ಷದ ಊರ ಶಾಖೆಯಲ್ಲಿ ಈಗ ಉಳಿದದ್ದು ಅಧ್ಯಕ್ಷನಾದ ತಾನು, ಎದುರಿಗೆ ಎಲೆ ಕಲೆಸುತ್ತಿದ್ದ ಹಿನ್ನರ್ಕ್, ಇಬ್ಬರೇ.

"ಅರವತ್ತೊಂಬತ್ತರ ಚುನಾವಣೇಲಿ ಇಲ್ಲಿ ಕುರ್ಚಿ ಸಾಲದೆ ಶಾಲೆ ಬೆಂಚು ತರಿಸಿದ್ವಿ. ಮರೆತ್ಯಾ?" ಎಂದ ಎಗ್ಬರ್ಟ್.

"ಮರೆಯೋದು ಹೆಂಗೆ? ಬಾನ್ ಪಾರ್ಲಿಮೆಂಟಿಗೆ ಹೋಗೇಬಿಟ್ವಿ ಅಂತ ಕುಣಿದಿರಿ. ಸೋತ ಮಾರನೇ ದಿನ ಆ ಬೆಂಚೆಲ್ಲಾ ವಾಪಸ್ ಹೊತ್ತೋಳು ನಾನೊಬ್ಬಳೇ. ನೋಡಿ ಅಧ್ಯಕ್ಷರೇ, ಇಂಥದ್ದೇ ಬಾವುಟದ ಹಿಂದೆ ಯುದ್ಧಕ್ಕೆ ಹೋದ ನಮ್ಮಣ್ಣಂದಿರು ಇಬ್ಬರೂ ಮನೆಗೆ ಬರ್ಲಿಲ್ಲ. ಬಿಯರ್ ತಂದುಕೊಡ್ತೀನಿ, ಇದರ ಪಕ್ಕ ಕೂರಲ್ಲ."

ಎದ್ದು ಹೋಗಬಹುದಿತ್ತು. ಆದರೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೇ ಮನೆ ಸೇರಿದರೆ ಸೋಮವಾರದವರೆಗೆ ಅವನೊಡನೆ ಮಾತಾಡುವವರಿಲ್ಲ. ಹೆಂಡತಿ ಹೋದ ಮೇಲೆ ಆಲೂಗಡ್ಡೆ ಸುಲಿಯುವಾಗಲೂ ರೇಡಿಯೊ ಹಾಕಿಕೊಳ್ಳುತ್ತಿದ್ದ. ಬಾವುಟ ತೆಗೆದರೋ, ಈ ಮೇಜಿಗೆ ತಾನು ಯಾರೆಂದೇ ಅವನಿಗೆ ಹೊಳೆಯಲಿಲ್ಲ. ಹಿನ್ನರ್ಕ್ ಏನನ್ನುತ್ತಾನೋ ಕೇಳೋಣವೆನಿಸಿತು. ಪಕ್ಷ ಹುಟ್ಟಿದ ದಿನದಿಂದ ಜೊತೆಗಿದ್ದವನು, ಅವನಂತೂ ಒಪ್ಪಲಾರ.

ತಲೆಯೆತ್ತಿದ. ಹಿನ್ನರ್ಕ್ ಬಾವುಟವನ್ನು ಮೊಣಕೈಯಿಂದ ಬದಿಗೆ ಸರಿಸಿ, ಆಗಲೇ ಮೂವರಿಗೂ ಎಲೆ ಹಂಚಿ ಮುಗಿಸಿದ್ದ.