ಖಾಲಿ ಹಂಚು

ಒಲೆಯ ಮೇಲೆ ಖಾಲಿ ಹಂಚು ಕಾದು ಹೊಗೆಯ ವಾಸನೆ ಬಂದರೆ ನಾನು ಈಗಲೂ ಓಡಿಹೋಗಿ ಬೆಂಕಿ ಆರಿಸುತ್ತೇನೆ.

ಅದು ತುರ್ತು ಪರಿಸ್ಥಿತಿಯ ಕಾಲ. ಮನಗೂಳಿಯ ಸಂತೆಯಲ್ಲಿ ನಿಂತು ಸರ್ಕಾರವನ್ನು ಬೈದಿದ್ದ ನಮ್ಮ ಕಾಕಾನನ್ನು ಹಿಡಿಯಲು ಒಂದು ಮಧ್ಯಾಹ್ನ ಪೊಲೀಸರು ನಮ್ಮೂರು ಮಸೂತಿಗೆ ಬಂದರು. ಜೀಪಿನ ಸದ್ದು ಕೇಳಿದ್ದೇ ಕಾಕಾ ಅಡುಗೆಮನೆಯ ಮುಂದಿನ ಅಂಗಳದ ಹಗೇವಿಗೆ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿಗೆ, ಇಳಿದ.

"ಅದರ ಗಾಳಿ ಕೆಟ್ಟದ್ದೈತಿ, ದೀಪಾ ಸುದ್ದಾ ಆರತೈತಿ," ಎಂದು ಅವ್ವ ಗೋಗರೆದಳು.

"ನಾ ರೊಟ್ಟಿ ಬಡಿಯೂತನಕ ಸುಮ್ಮನಿರು. ನಿಲ್ಲಿಸಿದ ಮ್ಯಾಲ ಎದ್ದು ಬಾ," ಎಂದು ಮಗನಿಗೆ ಹೇಳಿದ ಆಯಿ, ಹಲಗೆ ಮುಚ್ಚಿ ಮೇಲೆ ಜೋಳದ ಕಣಿಕೆ ಹರಡಿದಳು.

ಮನೆಯೆಲ್ಲ ಹುಡುಕಿ ಫೌಜದಾರ ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಎಷ್ಟು ರೊಟ್ಟಿ ಮಾಡ್ತಿ ಮುದುಕಿ?"

"ಹೊಲದಾಗ ಆಳು ಭಾಳ ಅದಾರ್ರಿ ಸಾಹೇಬ್ರ."

ಹಿಟ್ಟು ಮುಗಿಯಿತು. ಆಯಿಯ ಕೈ ಮಾತ್ರ ನಿಲ್ಲಲಿಲ್ಲ. ಅಡುಗೆಮನೆಯ ಕತ್ತಲಲ್ಲಿ ಬರಿಗಲ್ಲನ್ನೇ ಅದೇ ಲಯದಲ್ಲಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಖಾಲಿ ಹಂಚು ಕೆಂಪಾಗಿ ಹೊಗೆಯಾಡುತ್ತಿತ್ತು.

ಬಿಸಿಲು ಇಳಿದಾಗ ಜೀಪು ಹೋಯಿತು. ಆಯಿ ಕೈ ನಿಲ್ಲಿಸಿದಳು. ನಾವೆಲ್ಲ ಅಂಗಳದತ್ತ ನೋಡುತ್ತ ಕುಳಿತೆವು. ಕಣಿಕೆಯ ಒಂದು ಎಸಳೂ ಅಲುಗಲಿಲ್ಲ. ಅವ್ವ ಎದ್ದು ಹೊಸ್ತಿಲು ದಾಟಹೋದಳು.

"ತಡಿ, ಮುಟ್ಟಬ್ಯಾಡ. ನಿಲ್ಲಿಸಿದ್ದು ಅವಗ ಕೇಳಿಲ್ಲ," ಎಂದು ಆಯಿ ಮತ್ತೆ ಬಡಿಯತೊಡಗಿದಳು. ನಿಲ್ಲಿಸಿ ಕಿವಿಗೊಟ್ಟಳು. ಮತ್ತೆ ಬಡಿದಳು.