ಒಂದೂ ತಪ್ಪದ ತಪಾಸಣೆ

ತಾಯಿ ಆರೋಗ್ಯದ ಕಾರ್ಡನ್ನು ಮೇಜಿನ ಮೇಲೆ ಅಪ್ಪಳಿಸಿ, ಮಗಳನ್ನು ಅದರ ಪಕ್ಕದಲ್ಲೇ ಕೂರಿಸಿದಳು.

"ಈ ಮಗು ಕಿವಿ ನೋಡಿದ್ದು ನೀವೇ ಅಲ್ವಾ?"

ನರ್ಸಮ್ಮ ಕನ್ನಡಕ ಸರಿಮಾಡಿಕೊಂಡು ಕಾರ್ಡು ನೋಡಿದಳು. ಎರಡು ವರ್ಷದಲ್ಲಿ ಆರು ತಪಾಸಣೆ. ಆರರಲ್ಲೂ 'ಚೆನ್ನಾಗಿ ಕೇಳುತ್ತದೆ', ಕೆಳಗೆ ತನ್ನದೇ ಸಹಿ.

"ನಾನೇ. ನೀವು ಮಗುವಿಗೆ ಏನಾಗಬೇಕು?"

"ಹೆತ್ತವಳು."

ನರ್ಸಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ತಾಯಿ ಈ ಆರೋಗ್ಯ ಕೇಂದ್ರದ ಹೊಸಿಲು ತುಳಿದದ್ದು ಇದೇ ಮೊದಲು. ತಪಾಸಣೆಯ ದಿನ ನೂಲಿನ ಗಿರಣಿಯಲ್ಲಿ ರಜೆ ಸಿಗುತ್ತಿರಲಿಲ್ಲ. "ನೀನ್ಯಾಕೆ ಒದ್ದಾಡ್ತೀಯ, ನಾನಿಲ್ವಾ?" ಎಂದು ಗಂಡನೇ ಮಗುವನ್ನು ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದ. ದಾರಿಯಲ್ಲಿ ತನ್ನ ಅಮ್ಮನ ಮನೆಗೂ ಹೋಗಿ ಸಂಜೆಗೆ ಮರಳುತ್ತಿದ್ದ. ಊರಿನ ಗಂಡಸರಲ್ಲಿ ಅರ್ಧಕ್ಕರ್ಧ ಜನಕ್ಕೆ ಮಗುವಿನ ಕಾರ್ಡು ಎಲ್ಲಿದೆಯೆಂದೇ ಗೊತ್ತಿಲ್ಲ. ಗಿರಣಿಯ ಹೆಂಗಸರು ಅವಳನ್ನು ನೋಡಿ ಹೊಟ್ಟೆ ಉರಿದುಕೊಂಡರೆ ಆಶ್ಚರ್ಯವೇನು?

ಮಗುವಿಗೆ ಎರಡು ತುಂಬಿದರೂ ಒಂದು ಮಾತಿಲ್ಲ. ಅನುಮಾನ ಬಂದಾಗಲೆಲ್ಲ ತಾಯಿ ಕಾರ್ಡು ತೆಗೆದು ನೋಡಿ ಸಮಾಧಾನ ಮಾಡಿಕೊಂಡಿದ್ದಳು. ನಿನ್ನೆ ಗಿರಣಿಯ ಬಾಗಿಲಲ್ಲಿ ಸೈರನ್ ಕೂಗಿದಾಗ ಎಲ್ಲರ ಮಕ್ಕಳೂ ಬೆಚ್ಚಿ ಅತ್ತವು. ಇವಳೊಬ್ಬಳು ಕಲ್ಲಾಡುತ್ತಲೇ ಇದ್ದಳು. ಇಷ್ಟು ದಿನ ಆ ಕಾಗದವನ್ನು ನಂಬಿದ್ದಕ್ಕೆ ತಾಯಿಗೆ ಮೈಯೆಲ್ಲ ಉರಿಯುತ್ತಿತ್ತು.

"ಮಗೂನ ಮುಟ್ಟಿ ನೋಡದೇನೇ ಬರೆದ್ರಿ. ಗೋಡೆ ಮೇಲೆ ನೂರಕ್ಕೆ ನೂರು ಅಂತ ಹಾಕ್ಕೊಳ್ಳೋಕೆ ನನ್ನ ಮಗಳೇ ಬೇಕಾಗಿತ್ತಾ?"

ಗೋಡೆಯ ತಪಾಸಣೆ ಪಟ್ಟಿಯಲ್ಲಿ ನಿಜಕ್ಕೂ ನೂರಕ್ಕೆ ನೂರು ಇತ್ತು. ನರ್ಸಮ್ಮ ಮಗುವಿನ ಹಿಂದೆ ನಿಂತು ಗಿಲಕಿ ಆಡಿಸಿದಳು. ಮಗು ತಿರುಗಲಿಲ್ಲ. ಎತ್ತಿ ತೂಕಕ್ಕೆ ಕೂರಿಸಿದಳು. ಕಾರ್ಡಿನಲ್ಲಿ ಹೋದ ತಿಂಗಳು ಹನ್ನೆರಡು ಕಿಲೋ; ಮುಳ್ಳು ಒಂಬತ್ತಕ್ಕೇ ನಿಂತಿತು. ನರ್ಸಮ್ಮನ ಮುಖ ಬಿಳಿಚಿಕೊಂಡಿತು.

"ಸಿಕ್ಕಿಬಿದ್ರಲ್ಲ," ಎಂದಳು ತಾಯಿ.

"ದೊಡ್ಡಾಸ್ಪತ್ರೆಗೆ ಈಗಲೇ ಬರೆದು ಕೊಡ್ತೀನಿ, ನಾಳೇನೇ ಕಿವಿ ತೋರಿಸಿ. ಆಗಲೇ ತಡ ಆಗಿದೆ." ನರ್ಸಮ್ಮ ಮಗುವನ್ನು ತೂಕದಿಂದ ಇಳಿಸಿದಳು. "ಆದ್ರೆ ಈ ಮಗೂನ ನಾನು ನೋಡ್ತಿರೋದು ಇವತ್ತೇ ಕಣಮ್ಮ."

"ನನ್ನ ಗಂಡ ಆರು ಸಲಾನೂ ಇಲ್ಲಿಗೆ ಬಂದಿದ್ದಾರೆ."

"ಬಂದಿದ್ರು." ನರ್ಸಮ್ಮ ಹೋಗಿ ಬಾಗಿಲು ಮುಂದೆ ಮಾಡಿದಳು. "ಅವರು ಹಿಂದೆ ನಿಂತು ಕರೆದ್ರೆ ಸಾಕು, ಅವರ ಜೊತೆ ಬರ್ತಿದ್ದ ಮಗು ಅದರಮ್ಮನ ಸೊಂಟದ ಮೇಲಿಂದಲೇ 'ಅಪ್ಪಾ' ಅಂತ ತಿರುಗ್ತಿತ್ತು."