ಚೌಕದಲ್ಲಿ ಹಚ್ಚಿದ ದೀಪ

ಸಮ್ರಾಟನ ಮೂರ್ತಿಯ ಮುಂದೆ ಕೊನೆಯ ಚಿಟಿಕೆ ಧೂಪ ಬಿದ್ದಾಗ ರೋಮನ್ನರ ಕಾರ್ತೇಜ್ ಪಟ್ಟಣದ ಚೌಕದಲ್ಲಿ ಮಬ್ಬುಗತ್ತಲು. ಕ್ರಿಸ್ತನನ್ನು ನಂಬಿದ್ದ ರೊಗಾತಳೂ ಅವಳ ಗಂಡ ಸತೂರನೂ ಹಾಕದ ಕ್ರೈಸ್ತರಿಗೆ ಮರಣದಂಡನೆಯೆಂಬ ಜೀವಭಯಕ್ಕೆ ಧೂಪ ಹಾಕಿ ಸಾಲಿನಲ್ಲಿ ನಿಂತಿದ್ದರು.

“ಎಲ್ಲಾರೂ ಹಾಕಿದ್ರು, ಒಡೆಯಾ. ಮನೆಗೆ ಬಿಡೋಣ್ವಾ?” ಎಂದ ಗುಮಾಸ್ತ.

“ಅವಸರ ಯಾಕಯ್ಯಾ? ಕತ್ತಲಾಯ್ತು, ಮೊದ್ಲು ದೀಪ ಹಚ್ಚು,” ಎಂದು ಅಧಿಕಾರಿ ನಕ್ಕ. ಅವನ ಕಣ್ಣು ಮಾತ್ರ ಜನರ ಕೈಗಳ ಮೇಲಿತ್ತು.

ರೊಗಾತಳಿಗೆ ಅವನ ಉಪಾಯ ಹೊಳೆಯಿತು. ಸಂಜೆ ದೀಪ ಹೊತ್ತಿದೊಡನೆ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುವುದು ಕ್ರೈಸ್ತರ ರೂಢಿ. ಕೈ ಯಾರನ್ನೂ ಕೇಳದೆ ತಾನಾಗಿ ಮೇಲೇಳುತ್ತಿತ್ತು.

ಬತ್ತಿ ಹೊತ್ತಿಕೊಂಡಿತು. ಮೇಲೇಳುತ್ತಿದ್ದ ಗಂಡನ ಕೈಯನ್ನು ರೊಗಾತ ಗಬಕ್ಕನೆ ಹಿಡಿದು ಕೆಳಗೆಳೆದಳು. “ಸುಮ್ನಿರಿ, ಇದು ಮನೆ ಅಲ್ಲ!”

ಸತೂರ ಬಿಳಿಚಿಕೊಂಡು ಅವಳ ಮುಖವನ್ನೇ ನೋಡಿದ. ಅವಳು ಹಿಡಿದಿದ್ದು ಎಡಗೈಯಲ್ಲಿ. ಅವಳ ಬಲಗೈ ಆಗಲೇ ಅವಳ ಹಣೆಯ ಮೇಲಿತ್ತು.